ಹೋಗುವ ರೈಲು ಗೊತ್ತಿರಲಿ, ಬರುವ ರೈಲು ಗೊತ್ತಿಲ್ಲದೆ ಇರಲಿ

ಪ್ರಶ್ನೆ: ನನಗೆ 59, ನಮ್ಮ ಯಜಮಾನರಿಗೆ 63. ಮಗಳು ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಕೆಲಸದಲ್ಲಿದ್ದಾಳೆ. ಜೂನ್‌ನಲ್ಲಿ ಮೂರು ವಾರ ಅವಳ ಮನೆಗೆ ಹೋಗುತ್ತಿದ್ದೇವೆ. ವಾರದ ದಿನಗಳಲ್ಲಿ ಅವಳಿಗೆ ಬಿಡುವಿಲ್ಲ. ನಾವಿಬ್ಬರೇ ರೈಲಿನಲ್ಲಿ ಅಲ್ಲಿಯ ಹಳೇ ಕಾಲುವೆ ಊರು ಬ್ರೂಜ್ ನೋಡಿ ಬರೋಣ ಅಂತ ಆಸೆ. ಆದರೆ ಹೊರದೇಶದಲ್ಲಿ ನಾವಿಬ್ಬರೇ ಓಡಾಡಿದವರಲ್ಲ. ಇವರಿಗೆ ಮಂಡಿ ನೋವು. ನಾನು ಮೊಟ್ಟೆಯನ್ನೂ ತಿನ್ನುವುದಿಲ್ಲ. ಪರಿಚಯದವರು ‘ಅದೇ ದಿನ ದಾರಿಯಲ್ಲಿರುವ ಗೆಂಟ್ ಊರು ಕೂಡ ಮುಗಿಸಿ’ ಎನ್ನುತ್ತಾರೆ. ಮಗಳು ‘ಬಸ್ ಟೂರ್ ಹಾಕಿಸುತ್ತೇನೆ’ ಎನ್ನುತ್ತಾಳೆ. ನನಗೆ ಅಲ್ಲಿಯ ಲೇಸ್ ಕೆಲಸ ನೋಡಬೇಕು. ನೀರು ಸರಬರಾಜಿನಲ್ಲಿ ಎಂಜಿನಿಯರ್ ಆಗಿದ್ದ ಇವರಿಗೆ ಕಾಲುವೆ ನೋಡಬೇಕು. ಹೇಗೆ ಮಾಡಿದರೆ ಒಳ್ಳೆಯದು? — ಹಾಸನದ ಓದುಗರು

ಉತ್ತರ: ನೀವಿಬ್ಬರೇ ಹೋಗಿ, ರೈಲಿನಲ್ಲೇ ಹೋಗಿ. ಗೆಂಟ್ ಅವತ್ತು ಬೇಡ. ಬಸ್ ಟೂರ್ ಯಾವತ್ತೂ ಬೇಡ.

ಮಗಳ ಕಾಳಜಿ ಅರ್ಥವಾಗುತ್ತದೆ. ಆದರೆ ಬಸ್‌ನವರು ನಿಮ್ಮನ್ನು ಬ್ರೂಜ್‌ನಲ್ಲಿ ಇಳಿಸುವ ಹೊತ್ತಿಗೆ ಇನ್ನೂ ಹತ್ತಾರು ಬಸ್ಸು ಅಲ್ಲಿ ಇಳಿಸುತ್ತಿರುತ್ತವೆ. ಛತ್ರಿ ಎತ್ತಿಕೊಂಡ ಗೈಡ್ ಹಿಂದೆ ಓಡಬೇಕು. ಮಂಡಿ ನೋವಿರುವವರು ಕೂರಬೇಕು ಅನ್ನಿಸಿದ ಕಡೆ ಕೂರುವ ಹಾಗಿಲ್ಲ. ಊರಿನಿಂದ ಜನ ಕರಗಿ, ಕಾಲುವೆ ನೀರಿನ ಮೇಲೆ ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ನೀವು ಹೆದ್ದಾರಿಯ ಮೇಲೆ ಬಸ್ಸಿನಲ್ಲಿ ತೂಕಡಿಸುತ್ತಿರುತ್ತೀರಿ.

ನಾನು ಐದು ವರ್ಷ ಬ್ರಸೆಲ್ಸ್ ಪಕ್ಕದ ಲ್ಯೂವೆನ್‌ನಲ್ಲಿದ್ದೆ. ಊರಿಂದ ಬಂದ ನೆಂಟರನ್ನೆಲ್ಲ ಬ್ರೂಜ್‌ಗೆ ಕರೆದುಕೊಂಡು ಹೋಗುವುದು ನನ್ನ ಪಾಲಿನ ಕೆಲಸವಾಗಿತ್ತು. ಮೊದಲ ಸಲ ಅಪ್ಪ ಅಮ್ಮನನ್ನು ಕರೆದೊಯ್ದಾಗ ಎಲ್ಲ ತಪ್ಪುಗಳನ್ನೂ ಮಾಡಿದೆ. ಒಂದೇ ದಿನ ಗೆಂಟ್ ಮತ್ತು ಬ್ರೂಜ್. ಗೋಪುರ ಹತ್ತಿಸಿದೆ. ಐದು ಗಂಟೆಗೆ ಸರಿಯಾಗಿ ವಾಪಸ್ ಹೊರಡಿಸಿದೆ. ಮನೆಗೆ ಬಂದ ಅಮ್ಮ ಹೇಳಿದ್ದು ಒಂದೇ ಮಾತು: ‘ಊರು ಚೆನ್ನಾಗಿತ್ತು ಕಣೋ, ಆದರೆ ನೋಡೋಕೆ ಆಗಲಿಲ್ಲ.’

ಗೆಂಟ್ ಯಾಕೆ ಬೇಡ ಅಂದರೆ, ಅದು ದಾರಿಯಲ್ಲೇ ಇದ್ದರೂ ಊರಿನ ಹಳೇ ಭಾಗ ಸ್ಟೇಷನ್ ಹತ್ತಿರ ಇಲ್ಲ. ಟ್ರಾಮ್ ಹಿಡಿಯಬೇಕು, ಮತ್ತೆ ವಾಪಸ್ ಬರಬೇಕು. ಅಲ್ಲಿಯ ಸೇಂಟ್ ಬಾವೋ ಚರ್ಚಿನಲ್ಲಿರುವ, 1432ರಲ್ಲಿ ಮುಗಿದ ವಾನ್ ಐಕ್ ಸಹೋದರರ ಚಿತ್ರ ನೋಡಲು ಹೊತ್ತು ಗೊತ್ತು ಮಾಡಿ ಟಿಕೆಟ್ ತೆಗೆದುಕೊಳ್ಳಬೇಕು. ಎರಡೂ ಊರನ್ನು ಒಂದೇ ದಿನಕ್ಕೆ ತುರುಕಿದರೆ ನೀವು ನೋಡುವುದು ಎರಡು ಸ್ಟೇಷನ್ ಅಷ್ಟೆ. ಬ್ರಸೆಲ್ಸ್‌ನಿಂದ ಗೆಂಟ್ ಅರ್ಧ ಗಂಟೆ. ಮೂರು ವಾರ ಇರುತ್ತೀರಲ್ಲ, ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ.

ಈಗ ರೈಲಿನ ಮಾತು. ಬೆಲ್ಜಿಯಂನ ಒಳಗಿನ ರೈಲುಗಳಿಗೆ ಸೀಟು ರಿಸರ್ವೇಷನ್ ಇಲ್ಲ. ವಿಮಾನದ ಟಿಕೆಟ್ ಹಾಗೆ ತಡವಾಗಿ ಕೊಂಡರೆ ಬೆಲೆ ಏರುವುದೂ ಇಲ್ಲ. ಒಂದು ಕಡೆಗೆ ಒಬ್ಬರಿಗೆ 15 ಯೂರೋ ದಾಟುತ್ತದೆ. ಟಿಕೆಟ್ ಇರುವುದು ಆ ದಿನಕ್ಕೆ, ಇಂಥದ್ದೇ ರೈಲಿಗೆ ಅಲ್ಲ. 8ರ ರೈಲು ತಪ್ಪಿದರೆ ಮುಂದಿನದು ಹತ್ತಿ, ಯಾರೂ ಕೇಳುವುದಿಲ್ಲ. ನಮ್ಮ ಪ್ಯಾಸೆಂಜರ್ ರೈಲಿನ ಹಾಗೆಯೇ, ಅಲ್ವಾ? ಹಗಲಿನಲ್ಲಿ ಬ್ರಸೆಲ್ಸ್‌ನಿಂದ ಬ್ರೂಜ್‌ಗೆ ಗಂಟೆಗೆ ಎರಡಾದರೂ ನೇರ ರೈಲು ಇರುತ್ತವೆ. ಸುಮಾರು ಒಂದು ಗಂಟೆಯ ಪ್ರಯಾಣ. ರಾತ್ರಿ ಹತ್ತರ ತನಕವೂ ವಾಪಸ್ ಬರಲು ರೈಲಿದೆ. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮವರು ಹೊರದೇಶಕ್ಕೆ ಹೋದರೆ ವಾಪಸ್ ರೈಲಿನ ಹೊತ್ತನ್ನು ಮೊದಲೇ ಗೊತ್ತು ಮಾಡಿಕೊಂಡು, ಮಧ್ಯಾಹ್ನ ಮೂರರಿಂದಲೇ ಗಡಿಯಾರ ನೋಡಲು ಶುರು ಮಾಡುತ್ತಾರೆ. ಇಲ್ಲಿ ಅದರ ಅಗತ್ಯವೇ ಇಲ್ಲ.

ಹಲವು ದೇಶ ಸುತ್ತುವವರಿಗಾಗಿ ಮಾಡಿರುವ ಯೂರೇಲ್ ಪಾಸ್ ಈ ಒಂದು ದಿನಕ್ಕೆ ದಂಡ. ಮಗಳು ಹಿಂದಿನ ರಾತ್ರಿ ರೈಲ್ವೆಯವರ ಆ್ಯಪ್‌ನಲ್ಲಿ ಇಬ್ಬರಿಗೂ ಹೋಗಿಬರುವ ಟಿಕೆಟ್ ತೆಗೆದು ಫೋನಿಗೆ ಕಳಿಸಲಿ. ಆ್ಯಪ್ ಬೇಡವೆಂದರೆ ಕೌಂಟರಿನಲ್ಲೇ ಕೊಳ್ಳಿ. ರೈಲು ಹತ್ತಿದ ಮೇಲೆ ಕೊಂಡರೆ ಜಾಸ್ತಿ ಕೊಡಬೇಕು. ಟಿಕೆಟ್ ಚೆಕ್ ಮಾಡುವುದು ರೈಲಿನೊಳಗೆ. ಪಾಸ್‌ಪೋರ್ಟ್ ಜೊತೆಯಲ್ಲಿರಲಿ, ಹೆಸರು ಹಾಕಿದ ಟಿಕೆಟ್ ಆದರೆ ಗುರುತು ಕೇಳಬಹುದು.

ಬ್ರಸೆಲ್ಸ್‌ನಲ್ಲಿ ಮೂರು ದೊಡ್ಡ ಸ್ಟೇಷನ್ ಸಾಲಾಗಿವೆ: ನಾರ್ತ್, ಸೆಂಟ್ರಲ್, ಮಿಡಿ. ಬ್ರೂಜ್ ರೈಲು ಮೂರರಲ್ಲೂ ಇದೇ ಕ್ರಮದಲ್ಲಿ ನಿಲ್ಲುತ್ತದೆ. ನೀವು ಸೆಂಟ್ರಲ್‌ನಲ್ಲಿ ಹತ್ತಿ. ಸ್ಟೇಷನ್ ಚಿಕ್ಕದು, ಕಕ್ಕಾಬಿಕ್ಕಿ ಆಗುವುದಿಲ್ಲ. ಮಿಡಿ ದೊಡ್ಡದು. ಲಂಡನ್, ಪ್ಯಾರಿಸ್ ರೈಲುಗಳೆಲ್ಲ ಅಲ್ಲಿಗೇ ಬರುವುದರಿಂದ ಜನ ಜಾಸ್ತಿ, ಜೇಬುಗಳ್ಳರೂ ಜಾಸ್ತಿ.

ಇಲ್ಲಿ ಒಂದು ಎಡವಟ್ಟು ಎಲ್ಲರಿಗೂ ಆಗುತ್ತದೆ, ನನಗೂ ಆಗಿತ್ತು. ಬೋರ್ಡಿನಲ್ಲಿ ‘ಬ್ರೂಜ್’ ಅಂತ ಹುಡುಕುತ್ತಾ ನಿಂತು ಎರಡು ರೈಲು ಬಿಟ್ಟೆ. ಬೆಂಗಳೂರಿನಲ್ಲಿ ಅರಸೀಕೆರೆ ರೈಲು ಹುಡುಕಿದ ಹಾಗೆ ಅದು. ಬೋರ್ಡಿನ ಮೇಲೆ ಹುಬ್ಬಳ್ಳಿ ಅಂತ ಇರುತ್ತದೆಯೇ ಹೊರತು ಅರಸೀಕೆರೆ ಇರುವುದಿಲ್ಲ. ಬ್ರೂಜ್‌ಗೆ ಹೋಗುವ ರೈಲಿನ ಕೊನೆಯ ನಿಲ್ದಾಣ ಸಮುದ್ರದ ದಡದಲ್ಲಿದೆ. ಆದ್ದರಿಂದ ಬೋರ್ಡಿನಲ್ಲಿ ಓಸ್ಟೆಂಡ್, ಕ್ನೊಕೆ ಅಥವಾ ಬ್ಲಾಂಕೆನ್‌ಬೆರ್ಗ್ ಅಂತ ಇರುತ್ತದೆ. ಈ ಮೂರು ಹೆಸರು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಜೊತೆಗೆ ಹೆಸರಿನದೇ ಇನ್ನೊಂದು ಗೋಜಲು. ಬ್ರೂಜ್ ಎನ್ನುವುದು ಫ್ರೆಂಚ್ ಹೆಸರು. ಊರಿನವರ ಭಾಷೆ ಡಚ್, ಅವರ ಬಾಯಲ್ಲಿ ಅದು ‘ಬ್ರುಹ್ಹ’. ಬರೆಯುವುದು ಬಿ-ಆರ್-ಯು-ಜಿ-ಜಿ-ಇ. ಬ್ರಸೆಲ್ಸ್‌ನಲ್ಲಿ ಎರಡೂ ಭಾಷೆಯಲ್ಲಿ ಬೋರ್ಡ್ ಇರುತ್ತದೆ, ರೈಲಿನೊಳಗೆ ಎರಡೂ ಭಾಷೆಯಲ್ಲಿ ಹೇಳುತ್ತಾರೆ. ರೈಲು ಬ್ರಸೆಲ್ಸ್ ಎಲ್ಲೆ ದಾಟಿ ಡಚ್ ಮಾತಾಡುವ ಫ್ಲಾಂಡರ್ಸ್ ಸೀಮೆಯೊಳಗೆ ಬಂದ ಕೂಡಲೇ ಫ್ರೆಂಚ್ ನಿಂತುಹೋಗಿ ಬರೀ ಡಚ್ ಉಳಿಯುತ್ತದೆ. ಇದು ಕಾನೂನು. ಭಾಷೆಯ ಗಡಿ ಎಂದರೇನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಬಿಡಿ. ಸಾಮಾನ್ಯವಾಗಿ ಮಿಡಿ ಆದ ಮೇಲೆ ದೊಡ್ಡ ನಿಲ್ದಾಣ ಗೆಂಟ್, ಅದಾಗಿ ಇಪ್ಪತ್ತೈದು ನಿಮಿಷಕ್ಕೆ ಬ್ರೂಜ್. ನಿದ್ದೆ ಬಂದು ದಾಟಿ ಹೋದರೂ ಗಾಬರಿ ಬೇಡ. ಓಸ್ಟೆಂಡ್ ರೈಲಾದರೆ ಕಾಲು ಗಂಟೆಯಲ್ಲಿ ಓಸ್ಟೆಂಡ್ ಬರುತ್ತದೆ. ಸಮುದ್ರ ನೋಡಿ, ಮುಂದಿನ ರೈಲಿನಲ್ಲಿ ವಾಪಸ್ ಬನ್ನಿ.

ಯಾವ ದಿನ? ಬುಧವಾರ. ಸೋಮವಾರ ಅಲ್ಲಿಯ ಮ್ಯೂಸಿಯಂಗಳಲ್ಲಿ ಹೆಚ್ಚಿನವು ಮುಚ್ಚಿರುತ್ತವೆ. ಭಾನುವಾರ ನೀವು ನೋಡಲೇಬೇಕಾದ ಅವರ್ ಲೇಡಿ ಎಂಬ ಚರ್ಚಿನ ಮ್ಯೂಸಿಯಂ ಮಧ್ಯಾಹ್ನದ ಮೇಲೆ ಮಾತ್ರ ತೆರೆಯುತ್ತದೆ. ಶನಿವಾರ, ಭಾನುವಾರ ಬಿಸಿಲು ಬಂತೆಂದರೆ ಅರ್ಧ ಬ್ರಸೆಲ್ಸ್ ಇದೇ ರೈಲಿನಲ್ಲಿ ಸಮುದ್ರಕ್ಕೆ ಹೊರಟಿರುತ್ತದೆ, ನಿಂತುಕೊಂಡೇ ಹೋಗಬೇಕಾದೀತು. ಬುಧವಾರ ಬೆಳಿಗ್ಗೆ ಊರ ನಡುವಿನ ಚೌಕದಲ್ಲಿ ಸಂತೆ ಕೂರುತ್ತದೆ. ಇನ್ನೊಂದು ಲಾಭವೂ ಇದೆ. ವಾರದ ದಿನ ಬೆಳಿಗ್ಗೆ ಆಫೀಸಿಗೆ ಹೋಗುವವರು ಬ್ರಸೆಲ್ಸ್ ಕಡೆ ಬರುತ್ತಿರುತ್ತಾರೆ, ನೀವು ಎದುರು ದಿಕ್ಕಿಗೆ ಹೋಗುತ್ತಿರುತ್ತೀರಿ. ಎದುರಿನ ರೈಲು ತುಂಬಿ ತುಳುಕುತ್ತಿರುವಾಗ ನಿಮ್ಮದು ಆರಾಮಾಗಿರುತ್ತದೆ. 8 ಗಂಟೆಯ ಆಸುಪಾಸಿನ ರೈಲು ಹಿಡಿದರೆ 9ಕ್ಕೆ ಬ್ರೂಜ್.

ಈ ರೈಲು ದಾರಿ ಹೊಸದೇನಲ್ಲ. ಯೂರೋಪಿನ ಮುಖ್ಯ ಭೂಭಾಗದಲ್ಲಿ ಜನರನ್ನು ಹೊತ್ತ ಮೊದಮೊದಲ ಉಗಿ ರೈಲುಗಳಲ್ಲೊಂದು 1835ರ ಮೇ 5ರಂದು ಓಡಿದ್ದು ಬ್ರಸೆಲ್ಸ್‌ನಿಂದಲೇ, ಮೆಕೆಲೆನ್ ಎಂಬ ಊರಿಗೆ. ಮೂರೇ ವರ್ಷದಲ್ಲಿ, 1838ಕ್ಕೆ, ಬ್ರೂಜ್‌ಗೂ ರೈಲು ಬಂತು. ಆಗ ಸ್ಟೇಷನ್ ಊರೊಳಗೇ ಇತ್ತು. ಆ ಮೊದಲ ಕಟ್ಟಡವನ್ನು ಬಿಚ್ಚಿ ರೋನ್ಸ್ ಎಂಬ ಇನ್ನೊಂದು ಊರಿನಲ್ಲಿ ಮತ್ತೆ ಕಟ್ಟಿದ್ದಾರೆ, ಅಲ್ಲಿ ಇವತ್ತಿಗೂ ಅದು ಸ್ಟೇಷನ್ನೇ. ಕಟ್ಟಡವನ್ನೇ ವರ್ಗ ಮಾಡಿದ ಹಾಗೆ!

ಈಗಿನ ಸ್ಟೇಷನ್ ಊರಿನ ಹೊರಗಡೆ ಇದೆ. ‘ಸೆಂಟ್ರುಮ್’ ಎಂದು ಬರೆದ ಕಡೆಯಿಂದ ಹೊರಗೆ ಬನ್ನಿ. ಹೊರಬಂದವರೆಲ್ಲ ಚೌಕದ ಕಡೆಗೆ ನೇರವಾಗಿ ಹೆಜ್ಜೆ ಹಾಕುತ್ತಾರೆ. ನೀವು ಅವರ ಹಿಂದೆ ಹೋಗಬೇಡಿ. ದೊಡ್ಡ ರಸ್ತೆ ದಾಟಿ ಬಲಕ್ಕೆ ತಿರುಗಿ. ಹತ್ತು ನಿಮಿಷದ ನಡಿಗೆಯಲ್ಲಿ ಮರಗಳ ನಡುವೆ ಒಂದು ಉದ್ದನೆಯ ಕೆರೆ ಸಿಗುತ್ತದೆ. ಅದೇ ಮಿನ್ನೆವಾಟರ್. ಬೆಂಚುಗಳಿವೆ. ಮೊದಲ ವಿರಾಮ ಅಲ್ಲೇ.

ಕೆರೆಯ ಹತ್ತಿರ ಹಂಸಗಳು ಕಾಣುತ್ತವೆ. ಅವುಗಳ ಕಥೆ ಗೊತ್ತಿದ್ದರೆ ಆಮೇಲೆ ನೋಡುವುದೆಲ್ಲ ಒಂದಕ್ಕೊಂದು ಸೇರುತ್ತದೆ, ಅದಕ್ಕೇ ಹೇಳುತ್ತೇನೆ. ಹದಿನೈದನೇ ಶತಮಾನದಲ್ಲಿ ಈ ಸೀಮೆಯನ್ನು ಬರ್ಗಂಡಿಯ ಮೇರಿ ಎಂಬ ಡಚೆಸ್ ಆಳುತ್ತಿದ್ದಳು. 1482ರಲ್ಲಿ ಕುದುರೆಯಿಂದ ಬಿದ್ದು ಸತ್ತಳು. ವಯಸ್ಸು 25. ಆಮೇಲೆ ಆಡಳಿತ ಹಿಡಿದ ಗಂಡ ಮ್ಯಾಕ್ಸಿಮಿಲಿಯನ್ ಮೇಲೆ ಊರಿನವರಿಗೆ ವಿಪರೀತ ಕೋಪ. ತೆರಿಗೆ ಒಂದು ಕಾರಣ. 1488ರಲ್ಲಿ ಅವನನ್ನೇ ಹಿಡಿದು ಚೌಕದ ಒಂದು ಮನೆಯಲ್ಲಿ ಕೂಡಿಹಾಕಿದರು. ಅವನ ಆಪ್ತ ಪೀಟರ್ ಲಾಂಗ್‌ಹಾಲ್ಸ್‌ನನ್ನು ಅದೇ ಚೌಕದಲ್ಲಿ ತಲೆ ಕಡಿದು ಕೊಂದರು. ಲಾಂಗ್‌ಹಾಲ್ಸ್ ಅಂದರೆ ಉದ್ದ ಕತ್ತು. ಬಿಡುಗಡೆಯಾದ ಮ್ಯಾಕ್ಸಿಮಿಲಿಯನ್ ‘ಉದ್ದ ಕತ್ತಿನವನನ್ನು ಕೊಂದಿರಿ, ಇನ್ನು ಮೇಲೆ ಉದ್ದ ಕತ್ತಿನ ಹಂಸಗಳನ್ನು ಊರ ಖರ್ಚಿನಲ್ಲಿ ಸಾಕಿ’ ಎಂದು ಶಿಕ್ಷೆ ಹಾಕಿದನಂತೆ. ಹಂಸದ ಭಾಗ ದಂತಕಥೆ. ಸೆರೆ, ಕೊಲೆ ಎರಡೂ ನಿಜ. ಅವನನ್ನು ಕೂಡಿಹಾಕಿದ ಕ್ರಾನೆನ್‌ಬುರ್ಗ್ ಮನೆಯ ಜಾಗದಲ್ಲಿ ಈಗ ಅದೇ ಹೆಸರಿನ ಹೋಟೆಲಿದೆ, ಕಾಫಿ ಕುಡಿಯಬಹುದು.

ಕೆರೆ ಮುಗಿದ ಕಡೆ ಒಂದು ಸಣ್ಣ ಸೇತುವೆ, ಆಚೆ ಒಂದು ಹೆಬ್ಬಾಗಿಲು. ಒಳಗೆ ಬೆಹೈನ್‌ಹೋಫ್. ಎತ್ತರದ ಮರಗಳು, ಸುತ್ತ ಬಿಳಿ ಬಣ್ಣದ ಮನೆಗಳು. 1245ರಲ್ಲಿ ಶುರುವಾದದ್ದು. ಬೆಹೈನ್ ಎಂಬ ಹೆಂಗಸರು ಇಲ್ಲಿ ಒಟ್ಟಾಗಿ ಇರುತ್ತಿದ್ದರು. ಸನ್ಯಾಸಿನಿಯರಲ್ಲ. ಜೀವನ ಪೂರ್ತಿ ಇಲ್ಲೇ ಇರುತ್ತೇನೆ ಎಂಬ ಪ್ರತಿಜ್ಞೆ ಇಲ್ಲ. ಕೆಲಸ ಮಾಡಿ ದುಡಿಯುತ್ತಿದ್ದರು, ಆಸ್ತಿ ಇಟ್ಟುಕೊಳ್ಳುತ್ತಿದ್ದರು, ಬೇಕೆಂದರೆ ಹೊರಗೆ ಹೋಗಿ ಮದುವೆಯಾಗುತ್ತಿದ್ದರು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. 1927ರಿಂದ ಇಲ್ಲಿ ಬೆನೆಡಿಕ್ಟೈನ್ ಸನ್ಯಾಸಿನಿಯರಿದ್ದಾರೆ. ಒಳಗೆ ಜೋರಾಗಿ ಮಾತಾಡಬಾರದು. ಬೆಳಿಗ್ಗೆ ಒಂಬತ್ತೂಕಾಲಿಗೆ ಹೋದರೆ ಹಕ್ಕಿ ಕೂಗುವುದು ಬಿಟ್ಟು ಬೇರೇನೂ ಕೇಳುವುದಿಲ್ಲ. ಹನ್ನೊಂದಕ್ಕೆ ಹೋದರೆ ಟೂರ್ ಗುಂಪುಗಳು ‘ಶ್’ ಎಂದು ಒಬ್ಬರನ್ನೊಬ್ಬರು ಸುಮ್ಮನಾಗಿಸುವುದೇ ಕೇಳುತ್ತದೆ. ಬೆಳಿಗ್ಗೆ ಬೇಗ ಹೊರಡಿ ಎಂದದ್ದು ಮುಖ್ಯವಾಗಿ ಈ ಒಂದು ಅಂಗಳಕ್ಕಾಗಿ.

ಅಲ್ಲಿಂದ ಎರಡು ಹೆಜ್ಜೆಗೆ ವಾಲ್‌ಪ್ಲೇನ್ ಎಂಬ ಪುಟ್ಟ ಚೌಕ. ನಿಮ್ಮ ಯಜಮಾನರನ್ನು ಇಲ್ಲಿ ನಿಲ್ಲಿಸಿ ಈ ವಿಷಯ ಹೇಳಿ. ಚೌಕದಲ್ಲಿರುವ ಹಳೇ ಬಿಯರ್ ತಯಾರಿಕೆ ಮನೆ ‘ಹಾಲ್ವೆ ಮಾನ್’ನವರಿಗೆ ಬಾಟಲಿ ತುಂಬುವ ಘಟಕ ಊರ ಹೊರಗಿದೆ. ಟ್ಯಾಂಕರ್ ಲಾರಿಗಳು ಈ ಇಕ್ಕಟ್ಟು ಕಲ್ಲುರಸ್ತೆಗಳಲ್ಲಿ ಓಡಾಡಿ ತೊಂದರೆಯಾಗುತ್ತಿತ್ತು. ಅದಕ್ಕೆ 2016ರಲ್ಲಿ ಊರಿನ ಅಡಿಯಲ್ಲಿ 3 ಕಿಲೋಮೀಟರಿಗೂ ಜಾಸ್ತಿ ಉದ್ದದ ಕೊಳವೆ ಹಾಕಿ, ಬಿಯರನ್ನು ನೀರಿನ ಹಾಗೆ ಹರಿಸಿದರು. ಖರ್ಚಿನ ಒಂದು ಪಾಲು ಜನರೇ ಚಂದಾ ಹಾಕಿ ಕೊಟ್ಟರು. ಜೀವಮಾನ ಪೂರ್ತಿ ನೀರಿನ ಪೈಪ್ ಹಾಕಿಸಿದ ಎಂಜಿನಿಯರಿಗೆ ಇದಕ್ಕಿಂತ ದೊಡ್ಡ ಪ್ರೇಕ್ಷಣೀಯ ಸ್ಥಳ ಇನ್ನೇನು ಬೇಕು! ಮೇಲೆ ಕಾಣುವುದು ಮಾತ್ರ ಬರೀ ರಸ್ತೆ.

ಮುಂದೆ ಇಟ್ಟಿಗೆಯ ಎತ್ತರದ ಗೋಪುರ ಕಾಣುತ್ತದೆ. ಅದು ಅವರ್ ಲೇಡಿ ಚರ್ಚ್. ಗೋಪುರದ ಎತ್ತರ 115 ಮೀಟರಿಗೂ ಜಾಸ್ತಿ. ಬೇಲೂರು, ಹಳೇಬೀಡು ನೋಡಿದ ಕಣ್ಣಿಗೆ ಈ ಇಟ್ಟಿಗೆ ಗೋಡೆ ಬೋಳು ಅನ್ನಿಸಬಹುದು. ನನ್ನ ಅಪ್ಪನಿಗೂ ಹಾಗೇ ಅನ್ನಿಸಿತ್ತು. ಈ ಸೀಮೆಯಲ್ಲಿ ಕೆತ್ತಲು ಕಲ್ಲು ಹತ್ತಿರದಲ್ಲಿ ಸಿಗುವುದಿಲ್ಲ. ಇರುವುದು ಜೇಡಿಮಣ್ಣು, ಅದಕ್ಕೆ ಇಟ್ಟಿಗೆ. ಚರ್ಚಿನ ಒಳಗೆ ಹೋಗಲು ದುಡ್ಡಿಲ್ಲ, ಮೈಕೆಲೆಂಜೆಲೊ ಶಿಲ್ಪ ಮತ್ತು ಸಮಾಧಿಗಳಿರುವ ಭಾಗಕ್ಕೆ ಟಿಕೆಟ್ ಇದೆ. ಟಿಕೆಟ್ ಕೊಳ್ಳಿ, ಜಿಪುಣತನ ಬೇಡ.

ಶಿಲ್ಪ ತಾಯಿ ಮಗುವಿನದು. ದೊಡ್ಡದೇನೋ ಇರುತ್ತದೆ ಎಂದು ಹೋದವರಿಗೆ ಮೊದಲು ನಿರಾಸೆಯಾಗುತ್ತದೆ. ಎತ್ತರ ಒಂದೂಕಾಲು ಮೀಟರಿನಷ್ಟು, ಅದನ್ನೂ ದೂರದಿಂದಲೇ ನೋಡಬೇಕು. ಸುಮ್ನೆ ಹತ್ತು ನಿಮಿಷ ಕೂತು ನೋಡಿ. ಈ ಮಗು ತಾಯಿಯ ತೊಡೆಯ ಮೇಲೆ ಕೂತಿಲ್ಲ. ಅವಳ ಮೊಣಕಾಲುಗಳ ನಡುವೆ ನಿಂತು ಕೆಳಗೆ ಇಳಿಯಲು ಹೊರಟಿದೆ, ಒಂದು ಕೈ ಮಾತ್ರ ಇನ್ನೂ ಅವಳ ಕೈಯಲ್ಲಿದೆ. ತಾಯಿ ಮಗುವನ್ನು ನೋಡುತ್ತಿಲ್ಲ, ತಡೆಯುತ್ತಲೂ ಇಲ್ಲ. ಮಗಳನ್ನು ಬ್ರಸೆಲ್ಸ್‌ಗೆ ಕಳಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ಮೈಕೆಲೆಂಜೆಲೊ ಬದುಕಿದ್ದಾಗಲೇ ಇಟಲಿ ಬಿಟ್ಟು ಹೊರಗೆ ಹೋದ ಅವನ ಶಿಲ್ಪ ಇದೊಂದೇ ಎನ್ನುತ್ತಾರೆ. ಕೊಂಡು ತಂದವರು ಬ್ರೂಜ್‌ನ ಬಟ್ಟೆ ವ್ಯಾಪಾರಿಗಳು. ಆಮೇಲೂ ಅದಕ್ಕೆ ನೆಮ್ಮದಿ ಇರಲಿಲ್ಲ. 1794ರಲ್ಲಿ ಫ್ರೆಂಚರು ಹೊತ್ತೊಯ್ದರು, ನೆಪೋಲಿಯನ್ ಸೋತ ಮೇಲೆ ವಾಪಸ್ ಬಂತು. 1944ರಲ್ಲಿ ಜರ್ಮನ್ ಸೈನಿಕರು ಹಾಸಿಗೆಗಳಲ್ಲಿ ಸುತ್ತಿ ಲಾರಿಯಲ್ಲಿ ಸಾಗಿಸಿದರು. ಮರುವರ್ಷ ಆಸ್ಟ್ರಿಯಾದ ಆಲ್ಟೌಸೇ ಎಂಬಲ್ಲಿ ಒಂದು ಉಪ್ಪಿನ ಗಣಿಯೊಳಗೆ ಸಿಕ್ಕಿತು. ಅದೇ ಚರ್ಚಿನಲ್ಲಿ ಕುದುರೆಯಿಂದ ಬಿದ್ದ ಮೇರಿಯ ಸಮಾಧಿ ಇದೆ, ಪಕ್ಕದಲ್ಲಿ ಅವಳ ತಂದೆಯದು. ಹಂಸಗಳ ಕಥೆಯ ಉದ್ದ ಕತ್ತಿನ ಪೀಟರ್‌ನ ಸಮಾಧಿಯೂ ಇದೇ ಚರ್ಚಿನಲ್ಲಿದೆ. ಜಗಳವಾಡಿದವರೆಲ್ಲ ಕೊನೆಗೆ ಒಂದೇ ಸೂರಿನಡಿ.

ಎದುರಿಗೇ ಸೇಂಟ್ ಜಾನ್ ಆಸ್ಪತ್ರೆ ಇದೆ. ಹನ್ನೆರಡನೇ ಶತಮಾನದ ಆಸ್ಪತ್ರೆ, ಈಗ ಮ್ಯೂಸಿಯಂ. ಹಾನ್ಸ್ ಮೆಮ್ಲಿಂಗ್ ಚಿತ್ರಗಳು ಇಲ್ಲಿವೆ. ಚಿತ್ರಗಳಲ್ಲಿ ಆಸಕ್ತಿ ಇದ್ದರೆ ಹೋಗಿ, ಇಲ್ಲದಿದ್ದರೆ ಮಂಡಿ ಉಳಿಸಿಕೊಳ್ಳಿ.

ಸುಮಾರು ಹನ್ನೊಂದಕ್ಕೆ ಮಾರ್ಕ್ಟ್ ಎನ್ನುವ ದೊಡ್ಡ ಚೌಕ ತಲುಪಿ. ಅಲ್ಲಿಯ ಬೆಲ್‌ಫ್ರಿ ಎನ್ನುವ ಗಂಟೆ ಗೋಪುರ 83 ಮೀಟರ್ ಎತ್ತರ. 366 ಮೆಟ್ಟಿಲು, ಮೇಲೆ ಹೋಗುತ್ತಾ ಇಕ್ಕಟ್ಟಾದ ಸುರುಳಿ. ಹತ್ತುವವರು, ಇಳಿಯುವವರು ಒಂದೇ ಮೆಟ್ಟಿಲ ಮೇಲೆ ಮೈ ಉಜ್ಜಿಕೊಂಡು ಹೋಗಬೇಕು. ಲಿಫ್ಟ್ ಇಲ್ಲ. ನಿಮ್ಮ ಯಜಮಾನರು ಹತ್ತಕೂಡದು, ಹಟ ಮಾಡಿದರೂ ಬಿಡಬೇಡಿ. ಆ ಗೋಪುರದ ಸೊಗಸು ಕೆಳಗೆ ನಿಂತವರಿಗೂ ಸಿಗುತ್ತದೆ. ಮೇಲೆ 47 ಗಂಟೆಗಳಿವೆ. ಬುಧವಾರ 11ಕ್ಕೆ ಸಾಮಾನ್ಯವಾಗಿ ಒಬ್ಬರು ಕೂತು ಅದನ್ನು ನುಡಿಸುತ್ತಾರೆ, ಹಾರ್ಮೋನಿಯಂ ಹಾಗೆ ಬೆರಳಿನಿಂದಲ್ಲ, ಮರದ ಹಿಡಿಗಳನ್ನು ಮುಷ್ಟಿಯಿಂದ ಗುದ್ದಿ. ಗೋಪುರದ ಒಳ ಅಂಗಳದಲ್ಲಿ ಕೂತು ಕೇಳಿ.

ಆಮೇಲೆ ಊಟ. ಬೆಲ್ಜಿಯಂ ಅಂದರೆ ಹುರಿದ ಆಲೂಗಡ್ಡೆ, ವಾಫಲ್, ಚಾಕೊಲೇಟ್ ಎಂದು ಎಲ್ಲರೂ ಹೇಳಿರುತ್ತಾರೆ. ಮೂರರಲ್ಲೂ ನಿಮಗೆ ಎಚ್ಚರ ಬೇಕು. ಇದನ್ನು ನಮ್ಮವರಿಗೆ ಯಾರೂ ಮುಂಚೆ ಹೇಳುವುದಿಲ್ಲ.

ಆಲೂಗಡ್ಡೆಯನ್ನು ಇಲ್ಲಿ ಹಳೇ ಪದ್ಧತಿಯಂತೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಎಲ್ಲ ಅಂಗಡಿಯಲ್ಲೂ ಅಲ್ಲ, ಆದರೆ ಬಹಳ ಕಡೆ. ‘ವೆಜಿಟೇರಿಯನ್ನಾ?’ ಎಂದು ಕೇಳಿದರೆ ಅವರು ‘ಹೌದು, ಬರೀ ಆಲೂಗಡ್ಡೆ’ ಎಂದೇ ಹೇಳುತ್ತಾರೆ. ಮೋಸ ಅಲ್ಲ, ಅವರ ಲೆಕ್ಕದಲ್ಲಿ ಅದು ಸರಿ. ಕೇಳಬೇಕಾದ ಪ್ರಶ್ನೆ ‘ಯಾವುದರಲ್ಲಿ ಕರಿಯುತ್ತೀರಿ’ ಎಂದು. ‘ಪ್ಲಾಂಟಾರ್ಡಿಹ್’ ಎಂದರೆ ಸಸ್ಯದ ಎಣ್ಣೆ, ತಿನ್ನಬಹುದು. ‘ಓಸೆವಿಟ್’ ಎಂದರೆ ದನದ ಕೊಬ್ಬು. ಮೇಲೆ ಸುರಿಯುವ ಮೇಯೊನೀಸ್‌ನಲ್ಲಿ ಮೊಟ್ಟೆ ಇರುತ್ತದೆ, ಅಲ್ಲಿಯ ಬೇರೆ ಸಾಸ್‌ಗಳಲ್ಲೂ ಅರ್ಧಕ್ಕರ್ಧ ಅದೇ. ಟೊಮೆಟೊ ಕೆಚಪ್ ಕೇಳಿ. ವಾಫಲ್ ಯಾವ ಬಗೆಯದಾದರೂ ಹಿಟ್ಟಿಗೆ ಮೊಟ್ಟೆ ಹಾಕಿಯೇ ಕಲಸಿರುತ್ತಾರೆ. ಚಾಕೊಲೇಟಿನ ಒಳಗೆ ಹೂರಣ ತುಂಬಿದ್ದರೆ ಮದ್ಯ ಇರಬಹುದು, ಕೇಳಿ ಕೊಳ್ಳಿ. ಹೂರಣವಿಲ್ಲದ ಕಪ್ಪು ಚಾಕೊಲೇಟ್ ಗಟ್ಟಿ ತೆಗೆದುಕೊಂಡರೆ ತಲೆನೋವಿಲ್ಲ.

ಪ್ಯಾಕೆಟ್ ತಿಂಡಿಗೆ ಒಂದು ಸುಲಭದ ಉಪಾಯವಿದೆ. ಅಲರ್ಜಿ ತರುವ 14 ಬಗೆಯ ಪದಾರ್ಥಗಳನ್ನು ಎದ್ದು ಕಾಣುವ ಹಾಗೆ ಅಚ್ಚು ಹಾಕಬೇಕು ಎಂದು ಯೂರೋಪಿಯನ್ ಯೂನಿಯನ್ ನಿಯಮ ಇದೆ. ಮೊಟ್ಟೆ ಅದರಲ್ಲಿ ಒಂದು. ಡಚ್‌ನಲ್ಲಿ ಮೊಟ್ಟೆಗೆ ಇ-ಐ ಎಂಬ ಎರಡೇ ಅಕ್ಷರ. ದಪ್ಪ ಅಕ್ಷರದಲ್ಲಿ ಅದು ಕಂಡರೆ ವಾಪಸ್ ಇಡಿ. ಹೋಟೆಲಿನವರೂ ಕೇಳಿದರೆ ಇದನ್ನು ಹೇಳಲೇಬೇಕು. ದನದ ಕೊಬ್ಬು ಮಾತ್ರ ಈ ಪಟ್ಟಿಯಲ್ಲಿಲ್ಲ. ಆಲೂಗಡ್ಡೆ ವಿಷಯದಲ್ಲಿ ಬಾಯಿ ಬಿಟ್ಟು ಕೇಳಲೇಬೇಕು.

ನಿಜ ಹೇಳಬೇಕೆಂದರೆ ನನ್ನ ಸಲಹೆ ಬುತ್ತಿ. ಚಪಾತಿ ಪಲ್ಯ, ಚಿತ್ರಾನ್ನ, ಏನು ಬೇಕೋ ಅದು. ಕಾಲುವೆ ಪಕ್ಕದ ಬೆಂಚಿನಲ್ಲಿ ಕೂತು ತಿಂದರೆ ಯಾರೂ ತಿರುಗಿ ನೋಡುವುದಿಲ್ಲ, ಅಲ್ಲಿಯವರೂ ಬ್ರೆಡ್ಡು ತಂದು ಹಾಗೇ ತಿನ್ನುತ್ತಾರೆ. ಹೋಟೆಲಿನವರು ಹೊರಗೆ ಹಾಕಿರುವ ಕುರ್ಚಿಯಲ್ಲಿ ಕೂತು ಮಾತ್ರ ಬುತ್ತಿ ಬಿಚ್ಚಬೇಡಿ. ಹೋಟೆಲಲ್ಲಿ ಕುಡಿಯುವ ನೀರಿಗೂ ದುಡ್ಡು, ಮನೆಯಿಂದ ಬಾಟಲಿ ತುಂಬಿಸಿಕೊಂಡು ಹೋಗಿ. ಶೌಚಾಲಯಕ್ಕೂ ದುಡ್ಡು ಕೊಡಬೇಕು, ಅರ್ಧ ಯೂರೋ, ಒಂದು ಯೂರೋ ನಾಣ್ಯಗಳು ಪರ್ಸಿನಲ್ಲಿರಲಿ. ಮ್ಯೂಸಿಯಂಗೆ ಹೋದಾಗ ಅಲ್ಲೇ ಮುಗಿಸಿಕೊಳ್ಳುವುದು ಜಾಣತನ.

ಹನ್ನೆರಡರಿಂದ ನಾಲ್ಕರ ತನಕ ಊರ ನಡುವೆ ಕಾಲಿಡಲು ಜಾಗ ಇರುವುದಿಲ್ಲ. ಆ ಹೊತ್ತಿನಲ್ಲಿ ಲೇಸ್ ನೋಡಲು ಸೇಂಟ್ ಆನ್ನಾ ಎಂಬ ಬಡಾವಣೆಯ ಕಡೆಗೆ ಹೋಗಿ. ಚೌಕದಿಂದ ನಿಧಾನ ನಡೆದರೆ ಇಪ್ಪತ್ತು ನಿಮಿಷ. ಟೂರ್ ಗುಂಪುಗಳು ಅಷ್ಟು ದೂರ ಬರುವುದಿಲ್ಲ. ಅಲ್ಲಿ ಕಾಂಟ್‌ಸೆಂಟ್ರುಮ್ ಎಂಬ ಲೇಸ್ ಕೇಂದ್ರವಿದೆ. ಮಧ್ಯಾಹ್ನದ ಹೊತ್ತು ಹೆಂಗಸರು ಕೂತು ಲೇಸ್ ಹೆಣೆದು ತೋರಿಸುತ್ತಾರೆ. ಇದು ನಮ್ಮ ಕಸೂತಿ ಹಾಗಲ್ಲ. ಕಸೂತಿಗೆ ಬಟ್ಟೆ ಬೇಕು. ಇಲ್ಲಿ ಬಟ್ಟೆಯೇ ಇಲ್ಲ, ದಾರವೇ ಎಲ್ಲ. ದಿಂಬಿನ ಮೇಲೆ ಗುಂಡುಸೂಜಿ ಚುಚ್ಚಿ, ಹತ್ತಾರು ಮರದ ಕಡ್ಡಿಗಳಿಗೆ ಸುತ್ತಿದ ದಾರವನ್ನು ಒಂದರ ಮೇಲೊಂದು ದಾಟಿಸುತ್ತಾ, ತಿರುವುತ್ತಾ ಹೋಗುತ್ತಾರೆ. ದಾಟಿಸುವುದು, ತಿರುವುವುದು, ಇರುವುದು ಇವೆರಡೇ. ಕಡ್ಡಿಗಳ ಟಕಟಕ ಸದ್ದು ಕೇಳುತ್ತಾ ಅರ್ಧ ಗಂಟೆ ಹೇಗೆ ಹೋಗುತ್ತದೋ ಗೊತ್ತಾಗುವುದಿಲ್ಲ. ಊರ ನಡುವಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಲೇಸ್ ಹೆಚ್ಚಿನದು ಯಂತ್ರದ್ದು. ಕೈಯಲ್ಲಿ ಮಾಡಿದ್ದು ಅಂಗೈ ಅಗಲ ಇದ್ದರೂ ಬೆಲೆ ಕೇಳಿ ಬೆಚ್ಚಿಬೀಳುತ್ತೀರಿ. ಅದು ಸರಿಯಾದ ಬೆಲೆಯೇ.

ಯಜಮಾನರಿಗೆ ಲೇಸ್‌ನಲ್ಲಿ ಆಸಕ್ತಿ ಇಲ್ಲದಿದ್ದರೆ ಎಳೆದುಕೊಂಡು ಹೋಗಬೇಡಿ. ಒಂದು ಗಂಟೆ ಬೇರೆ ಬೇರೆ ಇರಿ. ಪಕ್ಕದಲ್ಲೇ ಹಳೇ ಕೋಟೆಯ ಏರಿಯ ಮೇಲೆ ಗಾಳಿಯಂತ್ರಗಳಿವೆ. ಅದರಲ್ಲಿ ಒಂದು 1770ರದ್ದು, ಹಿಟ್ಟಿನ ಗಿರಣಿ. ಅದರ ಕೆಳಗೆ ಹುಲ್ಲಿನ ಮೇಲೆ ಕೂತು ಎದುರಿನ ದೊಡ್ಡ ಕಾಲುವೆಯಲ್ಲಿ ದೋಣಿ ಹೋಗುವುದನ್ನು ನೋಡುತ್ತಿರಲಿ. ಸೇರುವ ಜಾಗ, ಹೊತ್ತು ಎರಡೂ ಗೊತ್ತು ಮಾಡಿಕೊಳ್ಳಿ, ಇಬ್ಬರ ಫೋನಿನಲ್ಲೂ ಇಂಟರ್ನೆಟ್ ಇರಲಿ. ಗಂಡ ಹೆಂಡತಿ ದಿನಪೂರ್ತಿ ಅಂಟಿಕೊಂಡು ತಿರುಗಬೇಕು ಅಂತ ಎಲ್ಲೂ ಬರೆದಿಲ್ಲ. ನನ್ನ ಅನುಭವದಲ್ಲಿ ಪ್ರವಾಸದ ಅರ್ಧ ಜಗಳ ತಪ್ಪುವುದು ಈ ಒಂದು ಗಂಟೆಯಿಂದ.

ಎಂಜಿನಿಯರ್ ಸಾಹೇಬರು ಅಲ್ಲಿ ಕೂತಾಗ ಯೋಚಿಸಲು ಒಂದು ವಿಷಯ. ಈ ಊರನ್ನು ಮಾಡಿದ್ದೂ ನೀರು, ಕೆಡಿಸಿದ್ದೂ ನೀರು. 1134ರ ಒಂದು ಬಿರುಗಾಳಿಗೆ ಸಮುದ್ರ ಒಳನುಗ್ಗಿ ಜ್ವಿನ್ ಎಂಬ ಕೊಲ್ಲಿ ಅಗಲವಾಯಿತು. ಹಡಗುಗಳು ಊರಿನ ಹತ್ತಿರದ ತನಕ ಬಂದವು. ಇಟಲಿ, ಸ್ಪೇನ್, ಜರ್ಮನಿಯ ವ್ಯಾಪಾರಿಗಳು ಇಲ್ಲಿ ಮನೆ ಮಾಡಿದರು. ವಾನ್ ಡರ್ ಬ್ಯೂರ್ಸ್ ಎಂಬ ಮನೆತನದ ಛತ್ರದ ಮುಂದೆ ಅವರು ಸೇರಿ ವ್ಯವಹಾರ ಮಾಡುತ್ತಿದ್ದುದರಿಂದಲೇ ಷೇರುಪೇಟೆಗೆ ‘ಬೋರ್ಸ್’ ಎಂಬ ಹೆಸರು ಬಂತು ಎನ್ನುತ್ತಾರೆ. ಕೊನೆಗೆ ಆ ಕೊಲ್ಲಿಯಲ್ಲಿ ಹೂಳು ತುಂಬಿತು. ತೆಗೆಸಿದಷ್ಟೂ ತುಂಬಿತು. ಕೆರೆ ಹೂಳಿನ ಕಷ್ಟ ಅವರಿಗೆ ನಾನೇನು ಹೇಳುವುದು! ಹಡಗು ಬರುವುದು ನಿಂತಿತು, ವ್ಯಾಪಾರಿಗಳು ಆಂಟ್ವರ್ಪ್‌ಗೆ ಹೋದರು, ಊರು ಬಡವಾಯಿತು. ಹಳೇ ಮನೆ ಕೆಡವಿ ಹೊಸದು ಕಟ್ಟಲೂ ದುಡ್ಡಿರಲಿಲ್ಲ. ಹೊಟ್ಟೆಪಾಡಿಗೆ ಹೆಂಗಸರು ಲೇಸ್ ಹೆಣೆದರು. ಹಳೇದೆಲ್ಲ ಹಾಗೇ ಉಳಿದದ್ದರಿಂದ 2000ದಲ್ಲಿ ಊರಿನ ಹಳೇ ಭಾಗ ಯುನೆಸ್ಕೊ ಪಟ್ಟಿಗೆ ಸೇರಿತು.

ಕಾಲುವೆಯ ದೋಣಿ ನಾಲ್ಕೂವರೆ ಮೇಲೆ ಹತ್ತಿ. ಮಧ್ಯಾಹ್ನದಷ್ಟು ಉದ್ದ ಸಾಲು ಆಗ ಇರುವುದಿಲ್ಲ. ಅರ್ಧ ಗಂಟೆಯ ಸುತ್ತು. ದೋಣಿಗೆ ಇಳಿಯುವಾಗ ಒಂದು ದೊಡ್ಡ ಹೆಜ್ಜೆ ಇಡಬೇಕು, ದೋಣಿಯವರು ಕೈ ಹಿಡಿದು ಇಳಿಸುತ್ತಾರೆ, ನಾಚಿಕೆ ಬೇಡ. ಸೇತುವೆಗಳು ಎಷ್ಟು ತಗ್ಗು ಎಂದರೆ ಕೆಲವು ಕಡೆ ತಲೆ ಬಗ್ಗಿಸಬೇಕು.

ಐದೂವರೆ ಆಗುತ್ತಿದ್ದಂತೆ ಊರು ಬದಲಾಗುತ್ತದೆ. ಬಸ್ಸುಗಳು ಹೊರಟುಹೋಗಿರುತ್ತವೆ. ಜೂನ್‌ನಲ್ಲಿ ಹತ್ತು ಗಂಟೆಗೆ ಸೂರ್ಯ ಮುಳುಗುವುದರಿಂದ ನಿಮಗೆ ಇನ್ನೂ ನಾಲ್ಕು ಗಂಟೆ ಬೆಳಕಿದೆ. ಯಾನ್ ವಾನ್ ಐಕ್ ಚೌಕದಿಂದ ಸ್ಪೀಗೆಲ್‌ರೇ ಎಂಬ ಕಾಲುವೆ ದಡ ಹಿಡಿದು ಸುಮ್ನೆ ಹೋಗಿ. ಸ್ಪೀಗೆಲ್ ಅಂದರೆ ಕನ್ನಡಿ. ಗಾಳಿ ಇಲ್ಲದ ಸಂಜೆ ಆ ಹೆಸರು ಯಾಕೆ ಬಂತು ಎಂದು ಕಾಣುತ್ತದೆ. ಎರಡನೇ ಸಲ ಬಂದ ಅಮ್ಮನನ್ನು ಅಲ್ಲಿ ಕೂರಿಸಿ ‘ಹೊರಡೋಣವಾ’ ಎಂದಾಗ, ‘ಮುಂದಿನ ರೈಲು ಇದೆಯಲ್ಲ’ ಎಂದರು. ಮೂರು ಸಲ ಹಾಗೇ ಹೇಳಿದರು.

ಹೊರಡಬೇಕು ಅನ್ನಿಸಿದಾಗ ಸ್ಟೇಷನ್‌ಗೆ ನಡೆಯಬೇಡಿ, ಊರ ನಡುವಿನಿಂದ ಬಸ್ಸಿದೆ. ಕಾರ್ಡ್ ಮುಟ್ಟಿಸಿ ಟಿಕೆಟ್ ತೆಗೆದುಕೊಳ್ಳಬಹುದು. ಇಡೀ ದಿನ ಕಾಲಡಿ ಗುಂಡುಕಲ್ಲಿನ ರಸ್ತೆ ಇರುವುದರಿಂದ ಸಂಜೆಗೆ ಮಂಡಿ ಮಾತಾಡುತ್ತಿರುತ್ತದೆ. ಚಪ್ಪಲಿ ಬೇಡ, ದಪ್ಪ ಅಡಿಯ ಶೂ ಹಾಕಿ. ಸೀರೆ ಉಡುವವರಾದರೆ ಒಂದಿಷ್ಟು ಮೇಲಕ್ಕೇ ಉಡಿ. ಸಮುದ್ರ ಹತ್ತಿರ ಇರುವುದರಿಂದ ಜೂನ್‌ನಲ್ಲೂ ಮಳೆ ಗಾಳಿ ಬರುತ್ತದೆ. ಛತ್ರಿ ಮಗುಚಿಕೊಳ್ಳುತ್ತದೆ, ಟೋಪಿ ಇರುವ ಜರ್ಕಿನ್ ಒಳ್ಳೆಯದು.

ಇನ್ನೊಂದು ಮಾತು ಮಗಳಿಗೆ ಹೇಳಿ. ಬೆಲ್ಜಿಯಂನಲ್ಲಿ ರೈಲ್ವೆ ಮುಷ್ಕರ ಆಗಾಗ ಆಗುತ್ತದೆ. ಮುಂಚೆಯೇ ತಿಳಿಸಿರುತ್ತಾರೆ. ಟಿಕೆಟ್ ಕೊಳ್ಳುವ ಮೊದಲು ಆ್ಯಪ್‌ನಲ್ಲಿ ಒಮ್ಮೆ ನೋಡಲಿ. ಅವತ್ತು ಮುಷ್ಕರ ಇದ್ದರೆ ಮುಂದಿನ ಬುಧವಾರ ಹೋಗಿ.